ಮಾಲೀಕರ ಸಹಿ

ನಮ್ಮೂರ ಕಡೆ ಪಶುವೈದ್ಯರಿಗೆ 'ದನದ ಡಾಕ್ಟ್ರು' ಅಂತಲೇ ಹೆಸರು. ಬೋರ್ಡಿನ ಮೇಲೆ ಪಶು ಚಿಕಿತ್ಸಾಲಯ ಅಂತ ಎಷ್ಟು ದೊಡ್ಡದಾಗಿ ಬರೆಸಿದ್ದರೂ ಜನರ ಬಾಯಲ್ಲಿ ಅದು ದನದಾಸ್ಪತ್ರೆ. ಈ ಹೆಸರಿನೊಳಗೆ ಒಂದು ಇಡೀ ಲೆಕ್ಕಾಚಾರ ಕೂತಿದೆ. ಹಾಲು ಕೊಡುವುದಕ್ಕೆ, ಗಾಡಿ ಎಳೆಯುವುದಕ್ಕೆ, ಗೊಬ್ಬರ ಹಾಕುವುದಕ್ಕೆ ಡಾಕ್ಟರು ಉಂಟು. ಕೆಚ್ಚಲು ಬಾವು ಬಂದರೆ, ಕರು ಅಡ್ಡ ಸಿಕ್ಕಿಕೊಂಡರೆ ರಾತ್ರಿ ಹನ್ನೊಂದಕ್ಕೂ ಬೈಕಿನಲ್ಲಿ ಹೋಗಿ ಕರೆದುಕೊಂಡು ಬರುತ್ತಾರೆ. ನಾಯಿಗೂ ಒಂದು ಸೂಜಿ ಹಾಕಿಸುವುದುಂಟು, ಅದು ನಾಯಿಯ ಮೇಲಿನ ಪ್ರೀತಿಗಿಂತ ಹುಚ್ಚುನಾಯಿಯ ಭಯಕ್ಕೆ. ಬೆಕ್ಕಿಗೆ ಡಾಕ್ಟರು ಅನ್ನೋ ಮಾತನ್ನು ಊರಲ್ಲಿದ್ದ ಹದಿನೆಂಟು ವರ್ಷದಲ್ಲಿ ನಾನು ಒಂದು ಸಲವೂ ಕೇಳಿಲ್ಲ. ಬೆಕ್ಕು ಬರುತ್ತಿತ್ತು, ಇರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಮರಿಗಳನ್ನು ಏಳು ಮನೆ ತಿರುಗಿಸುತ್ತೆ ಅಂತಾರಲ್ಲ, ಏಳನೇ ಮನೆ ಮುಟ್ಟುವ ಹೊತ್ತಿಗೆ ಐದರಲ್ಲಿ ಎರಡು ಉಳಿದಿರುತ್ತಿದ್ದವು. ಮಿಕ್ಕ ಮೂರು ಎಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಏನಿದೆ ಅನ್ನೋ ಹಾಗೆ.

ಈಗ ಬೆಂಗಳೂರಿನ ನನ್ನ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಗೊಜ್ಜು ಅನ್ನೋ ಹೆಸರಿನ ಬೆಕ್ಕಿದೆ. ಬಣ್ಣ ನೋಡಿ ಇಟ್ಟ ಹೆಸರು. ಜೂನ್ ಮಳೆಯಲ್ಲಿ ಬೇಸ್‌ಮೆಂಟಿನ ಒಂದು ಕಾರಿನ ಬಾನೆಟ್ಟೊಳಗೆ ಸೇರಿಕೊಂಡು ಎರಡು ದಿನ ಕೂಗಿದ್ದನ್ನು ಸೆಕ್ಯುರಿಟಿಯವರೂ ನಾನೂ ಸೇರಿ ಹೊರಗೆ ತೆಗೆದೆವು. ತೂಕ 620 ಗ್ರಾಂ. ಹಲ್ಲು ನೋಡಿ ಆರು ವಾರ ಆಗಿರಬಹುದು ಅಂದರು ಡಾಕ್ಟರು.

ಹೊಸದಾಗಿ ಬೆಕ್ಕಿನ ಮರಿ ತಂದವರಿಗೆ ಆ ಮೊದಲ ಭೇಟಿ ಒಂದು ಸಣ್ಣ ದೀಕ್ಷೆ ಇದ್ದ ಹಾಗೆ. ಒಸಡು ಬಿಳಿಚಿಕೊಂಡಿದೆಯಾ ನೋಡುತ್ತಾರೆ, ಯಾಕಂದರೆ ಇಷ್ಟು ಸಣ್ಣ ಮೈಯಲ್ಲಿ ಚಿಗಟಗಳೇ ರಕ್ತ ಹೀರಿ ಕೊಲ್ಲಬಲ್ಲವು. ಜಂತುಹುಳಕ್ಕೆ ತೂಕ ನೋಡಿ ಸಿರಪ್ಪು. ನಾಯಿಗೆ ಹಾಕುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಅದು ವಿಷ. ಹಸುವಿನ ಹಾಲು ಬೇಡ, ಭೇದಿ ಆದರೆ ಮರಿ ಒಂದೇ ದಿನದಲ್ಲಿ ಬಸವಳಿಯುತ್ತೆ. (ತೆನಾಲಿ ರಾಮಕೃಷ್ಣ ಬಿಸಿ ಹಾಲು ಕುಡಿಸಿ ಬೆಕ್ಕನ್ನು ಓಡಿಸಿದ ಕಥೆಗೆ ನಾವೆಲ್ಲ ನಕ್ಕಿದ್ದೇವೆ. ಪಶುವೈದ್ಯರನ್ನು ಕೇಳಿದರೆ ಹಾಲು ತಪ್ಪಿಸಿದ್ದಕ್ಕೆ ಅವನ ಪರವಾಗಿಯೇ ಮಾತಾಡಬಹುದು.) ಎಂಟು ವಾರಕ್ಕೆ ಮೂರು ರೋಗಗಳ ಒಂದೇ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ರೇಬೀಸಿನದ್ದು ಹನ್ನೆರಡು ವಾರ ಕಳೆದ ಮೇಲೆ.

ಅದೇ ಲಸಿಕೆಯನ್ನು ಯಾಕೆ ಮತ್ತೆ ಮತ್ತೆ ಅಂತ ಕೇಳಿದೆ. ಮರಿಗೆ ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಇರುತ್ತಲ್ಲ, ಅದು ಇರೋವರೆಗೂ ಲಸಿಕೆ ಹತ್ತಲ್ಲ. ಅದು ಯಾವಾಗ ಕರಗುತ್ತೆ ಅನ್ನೋದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಬಾಗಿಲು ಯಾವಾಗ ತೆಗೆಯುತ್ತೋ ಅಂತ ಆಗಾಗ ಹೋಗಿ ತಟ್ಟುತ್ತಾ ಇರೋದು. ತಾಯಿ ಕೊಟ್ಟಿದ್ದು ಕಳೆದ ಮೇಲೆ, ನಾವು ಕೊಟ್ಟಿದ್ದು ಹತ್ತುವ ಮೊದಲು, ನಡುವೆ ಕೆಲವು ದಿನ ಮರಿಗೆ ಯಾರ ರಕ್ಷಣೆಯೂ ಇರುವುದಿಲ್ಲ. ನನಗೆ ಆ ಕೆಲವು ದಿನಗಳ ಯೋಚನೆ ತಲೆಯಿಂದ ಹೋಗಲೇ ಇಲ್ಲ.

ರಾತ್ರಿ ಅಮ್ಮನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದರೆ ಅವಳು ಪೂರ್ತಿ ಕೇಳಿ, "ನಾವು ಎಷ್ಟು ಬೆಕ್ಕು ಸಾಕಿದೀವಿ, ಒಂದಕ್ಕಾದ್ರೂ ಸೂಜಿ ಚುಚ್ಚಿಸಿದ್ವಾ? ಚೆನ್ನಾಗೇ ಇದ್ವಲ್ಲ" ಅಂದಳು. ಇದ್ದವು ಚೆನ್ನಾಗೇ ಇದ್ದವು, ನಿಜ. ಆಮೇಲೆ ಅವಳೇ, "ಮೈ ಬಿಸಿ ಇದ್ರೆ ಒಂದು ಚೂರು ಡೋಲೋ ಅರೆದು ಕೊಡು" ಅಂದಳು. ಪ್ಯಾರಾಸಿಟಮಾಲ್ ಬೆಕ್ಕಿನ ಪಿತ್ತಜನಕಾಂಗಕ್ಕೆ ಅರಗಿಸಿಕೊಳ್ಳಲು ಆಗುವುದಿಲ್ಲ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತೆ. ಒಂದೇ ಮಾತ್ರೆ ಸಾಕು ದೊಡ್ಡ ಬೆಕ್ಕೂ ಸಾಯಲು. ಅಮ್ಮ ಪ್ರೀತಿಯಿಂದಲೇ ಹೇಳಿದ್ದು. ನಮಗೆಲ್ಲ ಜ್ವರ ಬಂದಾಗ ಕೊಟ್ಟಿದ್ದನ್ನೇ ಹೇಳಿದ್ದು.

ಇಲ್ಲಿಂದ ನನ್ನ ಪ್ರಶ್ನೆ ಶುರು. ಅಮ್ಮನ ಅಂಗಳದಲ್ಲಿ ಸತ್ತ ಮರಿಗಳಿಗೆ ಅಮ್ಮ ಹೊಣೆಯಲ್ಲ ಅಂತ ನನಗೆ ಯಾವ ಅನುಮಾನವೂ ಇಲ್ಲದೆ ಅನ್ನಿಸುತ್ತೆ. ಅವಕ್ಕೆ ಬಂದ ರೋಗಕ್ಕೆ ಅವಳ ಹತ್ತಿರ ಹೆಸರೇ ಇರಲಿಲ್ಲ. 'ಏನೋ ಆಯ್ತು, ಹೋಯ್ತು.' ಆದರೆ ನನ್ನ ಹತ್ತಿರ ಈಗ ಒಂದು ಹಳದಿ ಕಾರ್ಡಿದೆ, ಅದರಲ್ಲಿ ಮೂರು ರೋಗದ ಹೆಸರಿದೆ, ಮುಂದಿನ ದಿನಾಂಕ ಇದೆ. ನಾಳೆ ಅದೇ ರೋಗದಿಂದ ಗೊಜ್ಜು ಹೋದರೆ 'ಏನೋ ಆಯ್ತು' ಅನ್ನುವ ಹಕ್ಕು ನನಗಿಲ್ಲ. ಬೆಕ್ಕು ಅದೇ, ರೋಗ ಅದೇ. ಬದಲಾಗಿದ್ದು ನನಗೆ ಗೊತ್ತಿರೋದು ಮಾತ್ರ. ಹಾಗಾದರೆ ತಿಳಿಯುವುದೇ ಹೊಣೆ ಹೊರುವುದಾ? ತಿಳಿಯದೇ ಇದ್ದುಬಿಟ್ಟರೆ ಹೊಣೆಯೂ ಇಲ್ಲವಾ? ಹೌದು ಅನ್ನೋದಾದರೆ ಕಣ್ಣು ಮುಚ್ಚಿಕೊಂಡು ಬದುಕುವವನೇ ಜಾಣ ಆಗಿಬಿಡುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತ ಗಾದೆ ಕಟ್ಟಿದ್ದು ನಾವು, ಆದರೆ ಆ ಕೆಲಸ ಬೆಕ್ಕಿಗಿಂತ ಚೆನ್ನಾಗಿ ಮಾಡೋದೂ ನಾವೇ.

ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತಿತ್ತೇನೋ. ಗೊಜ್ಜು ಸಿಕ್ಕಿ ವಾರ ಕಳೆದ ಮೇಲೆ ಜನರೇಟರ್ ಹಿಂದೆ ಅದರ ತಾಯಿ ಕಾಣಿಸಿಕೊಂಡಿತು, ಜೊತೆಗೆ ಇನ್ನೆರಡು ಮರಿ. ತಾಯಿ ಕೈಗೆ ಸಿಗುವಂಥದ್ದಲ್ಲ, ಮರಿಗಳೂ ಹತ್ತು ಅಡಿ ದೂರ. ನಾನು ಊಟ ಇಡುತ್ತಿದ್ದೆ, ಅಷ್ಟೇ. ಜುಲೈನಲ್ಲಿ ಒಂದು ಬೆಳಿಗ್ಗೆ ಒಂದು ಮರಿ ಸತ್ತು ಬಿದ್ದಿತ್ತು. ಇನ್ನೊಂದು ನೀರಿನ ಬಟ್ಟಲ ಮುಂದೆ ತಲೆ ಜೋತು ಹಾಕಿ ಕೂತಿತ್ತು. ಬಾಯಾರಿಕೆ ಇದೆ, ಕುಡಿಯಲು ಆಗುತ್ತಿಲ್ಲ. ಅವತ್ತು ಅದನ್ನು ಹಿಡಿಯುವುದು ಸುಲಭವಾಯಿತು, ಮತ್ತು ಸುಲಭವಾಗಿದ್ದೇ ಕೆಟ್ಟ ಸೂಚನೆ.

ಪ್ಯಾನ್‌ಲ್ಯುಕೊಪೀನಿಯಾ. ಕರುಳನ್ನೂ ಬಿಳಿ ರಕ್ತಕಣಗಳನ್ನೂ ಒಟ್ಟಿಗೆ ನಾಶ ಮಾಡುವ ವೈರಸ್ಸು. ಇದಕ್ಕೆಂದೇ ಔಷಧಿ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದ ಹಾಗೆ ಆಂಟಿಬಯಾಟಿಕ್ ಕೊಟ್ಟು, ಮರಿಯ ಮೈಯೇ ಗೆಲ್ಲಲಿ ಅಂತ ಕಾಯಬೇಕು. ಒಂದು ಕ್ಲಿನಿಕ್ಕಿನವರು ಬೇರೆ ಪ್ರಾಣಿಗಳಿಗೆ ತಗಲುತ್ತೆ ಅಂತ ಸೇರಿಸಿಕೊಳ್ಳಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಇನ್ನೊಂದು ಕಡೆ ಪ್ರತ್ಯೇಕ ಗೂಡಿತ್ತು, ಸೇರಿಸಿಕೊಂಡರು. ಅಲ್ಲಿನ ಡಾಕ್ಟರು ನನಗೆ ಹೇಳಿದ ಮೊದಲ ಮಾತು ಈ ಮರಿಯ ಬಗ್ಗೆ ಅಲ್ಲ. "ಮನೇಲಿ ಇನ್ನೊಂದಿದೆ ಅಂದ್ರಲ್ಲ, ಅದಕ್ಕೆ ಎಷ್ಟು ಡೋಸ್ ಆಗಿದೆ?" ಒಂದು. "ಹಾಗಾದ್ರೆ ಚಪ್ಪಲಿ ಹೊರಗೆ ಬಿಡಿ, ಬಟ್ಟೆ ಬದಲಾಯಿಸದೆ ಅದನ್ನ ಮುಟ್ಟಬೇಡಿ." ಈ ವೈರಸ್ಸು ನೆಲದ ಮೇಲೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಸೋಪಿಗೆ ಬಗ್ಗಲ್ಲ, ಬ್ಲೀಚ್ ನೀರೇ ಬೇಕು.

ನೋಡಿ, ಇಲ್ಲಿ ಒಂದು ಮರಿಗೆ ತೋರಿಸಿದ ದಯೆ ನನ್ನ ಚಪ್ಪಲಿಗೆ ಅಂಟಿಕೊಂಡು ಇನ್ನೊಂದು ಮರಿಯನ್ನು ಕೊಲ್ಲಬಹುದು. ದಯೆ ಅನ್ನೋದು ಹಂಚಿದಷ್ಟೂ ಹೆಚ್ಚಾಗುವ ವಸ್ತು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಅವತ್ತು ಹಾಗೆ ಅನ್ನಿಸಲಿಲ್ಲ. ಎರಡನೇ ದಿನ ಮರಿಯನ್ನು ನೋಡಲು ಹೋಗಲೋ ಬೇಡವೋ ಅಂತ ಲಿಫ್ಟಿನ ಮುಂದೆ ನಿಂತು ಯೋಚಿಸಿ, ಹೋಗದೆ, ಫೋನಿನಲ್ಲೇ ವಿಚಾರಿಸಿದೆ. ಅದು ನನ್ನದಲ್ಲದ ಮರಿ, ಮನೆಯಲ್ಲಿರೋದು ನನ್ನದು. ಎಲ್ಲ ಜೀವವೂ ಒಂದೇ ಅಂತ ಹೇಳೋದು ಸುಲಭ, ಆದರೆ ಜೀವಗಳನ್ನು ಸರಿಸಮ ನೋಡುವವಳ ಕೈಯಲ್ಲಿ ಗೊಜ್ಜು ಸುರಕ್ಷಿತವಾಗಿರುತ್ತಿತ್ತು ಅಂತ ನನಗೆ ಅನ್ನಿಸಲ್ಲ. ಮೂರನೇ ದಿನ ಮಧ್ಯಾಹ್ನ ಸ್ಟ್ಯಾಂಡ್‌ಅಪ್ ಮೀಟಿಂಗಿನ ನಡುವೆ ಮೆಸೇಜು ಬಂತು. ಬಿಲ್ಲು 11,300 ರೂಪಾಯಿ.

ಈ ಮೊತ್ತ ಎರಡು ಕಡೆ ಚರ್ಚೆಯಾಯಿತು. ಒಂದು, ನೆಂಟರ ಮನೆಯ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. "ಸಾಯೋ ಬೆಕ್ಕಿಗೆ ಹನ್ನೊಂದು ಸಾವಿರಾನಾ? ಆ ದುಡ್ಡಲ್ಲಿ ಒಂದು ಬಡ ಮಗುವಿನ ಫೀಸ್ ಕಟ್ಟಬಹುದಿತ್ತು" ಅಂದರು ಒಬ್ಬರು ಚಿಕ್ಕಪ್ಪ. ಕಟ್ಟಬಹುದಿತ್ತು. ತತ್ವಶಾಸ್ತ್ರದಲ್ಲಿ ಇದಕ್ಕೆ ಗಟ್ಟಿ ಬೇರೇ ಇದೆ. ಪೀಟರ್ ಸಿಂಗರ್ 1972ರ ಒಂದು ಲೇಖನದಲ್ಲಿ, ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾಗುತ್ತೆ ಅಂತ ಯಾರಾದರೂ ನಿಲ್ಲುತ್ತಾರಾ, ಹಾಗಿದ್ದರೆ ದೂರದಲ್ಲಿ ಹಸಿದವರ ವಿಷಯದಲ್ಲಿ ಯಾಕೆ ನಿಲ್ಲುತ್ತೀರಿ ಅಂತ ಕೇಳಿದ್ದ. ಮೂರು ವರ್ಷದ ನಂತರ ಪ್ರಾಣಿಗಳ ನೋವಿನ ಬಗ್ಗೆ ಇಡೀ ಪುಸ್ತಕ ಬರೆದವನೂ ಅವನೇ. ಅವನ ಪ್ರಶ್ನೆಗೆ ನಾನು ತಲೆಬಾಗುತ್ತೇನೆ, ಚಿಕ್ಕಪ್ಪನ ಪ್ರಶ್ನೆಗೆ ಇಲ್ಲ. ಯಾಕಂದರೆ ಹೊಸ ಮನೆಯ ಫಾಲ್ಸ್ ಸೀಲಿಂಗ್ ನೋಡಿ ಅವರು ಬಡ ಮಗುವಿನ ಫೀಸನ್ನು ನೆನೆಯಲಿಲ್ಲ. ಆ ಬಡ ಮಗು ನಮ್ಮ ಮಾತುಗಳಲ್ಲಿ ಬರುವುದು ಯಾರಾದರೂ ನಾಯಿಗೋ ಬೆಕ್ಕಿಗೋ ಖರ್ಚು ಮಾಡಿದಾಗ ಮಾತ್ರ. ಮಾತು ಮುಗಿದ ತಕ್ಷಣ ಫೀಸು ಕಟ್ಟಿಸಿಕೊಳ್ಳದೇ ವಾಪಸ್ ಹೋಗುತ್ತೆ.

ಎರಡನೆಯದು ಹಾಗಲ್ಲ. ಮನೆ ಕೆಲಸಕ್ಕೆ ಬರುವ ಅಕ್ಕ ಟೇಬಲ್ ಒರೆಸುವಾಗ ಬಿಲ್ಲು ನೋಡಿ, ಯಾವ ವ್ಯಂಗ್ಯವೂ ಇಲ್ಲದೆ, ನಿಜವಾದ ಆಶ್ಚರ್ಯದಲ್ಲಿ ಕೇಳಿದರು: "ಬೆಕ್ಕಿಗೂ ಡ್ರಿಪ್ ಹಾಕ್ತಾರಾ ಅಕ್ಕ? ನಮ್ಮತ್ತೆಗೆ ಹುಷಾರಿಲ್ದಾಗ ಬೆಡ್ ಸಿಗದೆ ಬೆಳಗಾಗೋವರೆಗೂ ಆಸ್ಪತ್ರೆ ವರಾಂಡದಲ್ಲಿ ಕೂತಿದ್ವಿ." ಅಷ್ಟು ಹೇಳಿ ಬಟ್ಟೆ ಹಿಂಡಲು ಹೋದರು. ಹೋಲಿಕೆ ಅದೇ. ಕೇಳಿದವರು ಬೇರೆ. ಚಿಕ್ಕಪ್ಪನಿಗೆ ಕೊಟ್ಟ ಉತ್ತರ ಇಲ್ಲಿ ನಡೆಯಲ್ಲ. ಈ ದುಡ್ಡು ನಾನು ಬೆಕ್ಕಿಗೆ ಹಾಕದಿದ್ದರೂ ನಿಮ್ಮ ಅತ್ತೆಗೆ ಬೆಡ್ ಸಿಗುತ್ತಿರಲಿಲ್ಲ ಅನ್ನೋದು ಸತ್ಯವೇ, ಆದರೆ ಆ ಸತ್ಯ ನನ್ನನ್ನು ಬಿಡುಗಡೆ ಮಾಡಲ್ಲ. ಬೆಕ್ಕಿಗೆ ಹಾಕುವ ಮುಂಚೆಯೂ ಅವರ ಕಡೆ ಅದು ಹೋಗುತ್ತಿರಲಿಲ್ಲ ಅಂತಲೇ ಅದರ ಅರ್ಥ ತಾನೇ? ಸಂಬಳ ಜಾಸ್ತಿ ಮಾಡುವುದು ಬೇರೆ ಮಾತು. ಅದನ್ನು ಬೆಕ್ಕಿನ ಬಿಲ್ಲಿನ ಪಕ್ಕ ಇಟ್ಟು ಸಮ ಮಾಡುವುದು ಅವರಿಗೆ ಅವಮಾನ ಅನ್ನಿಸುತ್ತೆ ನನಗೆ. ಹೋಲಿಕೆ ಮಾಡುವ ಹಕ್ಕು ಎಲ್ಲರಿಗೂ ಸಮನಾಗಿಲ್ಲ. ವರಾಂಡದಲ್ಲಿ ಕೂತವರಿಗೆ ಅದು ಪೂರ್ತಿ ಇದೆ, ಅವರು ಕೇಳಿದಾಗ ಸುಮ್ಮನೆ ಕೇಳಿಸಿಕೊಳ್ಳಬೇಕು. ನಮ್ಮ ಸಂವಿಧಾನದ 51ಎ ವಿಧಿಗೆ 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪವೂ ಒಂದು. ಎಷ್ಟು ರೂಪಾಯಿವರೆಗೆ ಅಂತ ಅಲ್ಲಿ ಬರೆದಿಲ್ಲ, ಬರೆಯಲು ಬರುವುದೂ ಇಲ್ಲ.

ಇನ್ನು ತಾಯಿ ಬೆಕ್ಕಿನ ವಿಷಯ. ನಾನು ಈ ಲೇಖನ ಬರೆಯಲು ಕೂತಿದ್ದೇ ಅದಕ್ಕೆ.

ಮರಿಗಳು ಹೋದ ಮೇಲೆ ಅದು ಒಂಟಿಯಾಗಿ ಓಡಾಡಿಕೊಂಡಿತ್ತು. ಹೀಗೇ ಬಿಟ್ಟರೆ ಮತ್ತೆ ಹೆರುತ್ತೆ, ಮತ್ತೆ ಅದೇ ನೆಲದಲ್ಲಿ. ಆಗಸ್ಟಿನಲ್ಲಿ ಬೋನು ಬಾಡಿಗೆಗೆ ತಂದು, ಒಳಗೆ ಮೀನಿಟ್ಟು, ನಾಲ್ಕು ರಾತ್ರಿ ಕಾದು ಹಿಡಿದೆವು. ಆಪರೇಷನ್‌ಗೆ ಮುಂಚೆ ಒಂದು ಫಾರಂ. 'ಮಾಲೀಕರ ಹೆಸರು', ಕೆಳಗೆ 'ಮಾಲೀಕರ ಸಹಿ'. ಇದಕ್ಕೆ ಮಾಲೀಕರಿಲ್ಲ ಅಂದೆ. "ಯಾರಾದ್ರೂ ಸಹಿ ಹಾಕಲೇಬೇಕು ಮೇಡಂ" ಅಂದಳು ಕೌಂಟರಿನ ಹುಡುಗಿ. ಹಾಕಿದೆ. ಇದಕ್ಕೆ ಕನ್ನಡದಲ್ಲಿರುವ ಪದ ಗಮನಿಸಿದ್ದೀರಾ? ಸಂತಾನಹರಣ ಶಸ್ತ್ರಚಿಕಿತ್ಸೆ. ಹರಣ! ಸೀತಾಪಹರಣದಲ್ಲಿ ಇರುವುದೂ ಅದೇ ಹರಣ. ಇಷ್ಟು ಪ್ರಾಮಾಣಿಕವಾದ ಸರ್ಕಾರಿ ಪದ ಇನ್ನೊಂದಿಲ್ಲ. ಏನು ಮಾಡುತ್ತಿದ್ದೀರಿ ಅಂತ ನೇರವಾಗಿ ಹೇಳುತ್ತೆ, ಸಮಾಧಾನ ಮಾಡಲು ಬರಲ್ಲ.

ಒಂದು ಗಂಟೆ ಕಳೆದು ಡಾಕ್ಟರ ಫೋನು. "ಹೊಟ್ಟೆ ತೆಗೆದಿದ್ದೀನಿ. ಪ್ರೆಗ್ನೆಂಟ್ ಇದೆ, ಮೂರು ವಾರ ಆಗಿರಬೇಕು. ಮುಂದುವರಿಸಲಾ, ಹೊಲಿಗೆ ಹಾಕಿ ಬಿಡಲಾ? ಬೇಗ ಹೇಳಿ, ಅನಸ್ತೇಶಿಯಾದಲ್ಲಿದೆ." ಬೆಕ್ಕಿನ ಗರ್ಭ ಒಂಬತ್ತು ವಾರದ್ದು, ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರುವುದೂ ಉಂಟು. ಇದೆಲ್ಲ ನನಗೆ ಗೊತ್ತಿತ್ತು. ಇಂಥ ಸಂದರ್ಭದಲ್ಲಿ ಗರ್ಭಕೋಶದ ಸಮೇತ ತೆಗೆಯುವುದು ವೈದ್ಯರಲ್ಲಿ ರೂಢಿ ಅನ್ನೋದೂ ಗೊತ್ತಿತ್ತು. ಆದರೂ ಫಾರಂನಲ್ಲಿ ಮಾಲೀಕರು ಅಂತ ಬರೆದಿದ್ದಕ್ಕೆ ಅರ್ಥ ಬಂದದ್ದು ಆ ಫೋನಿನಲ್ಲಿ. ಮುಂದುವರಿಸಿ ಅಂದೆ.

ಅವತ್ತೂ ಅದೇ ಸರಿ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತೆ. ಆದರೆ ಯಾಕೆ ಸರಿ ಅನ್ನುವುದಕ್ಕೆ ಜನ ಕೊಡುವ ಕಾರಣ ನನಗೆ ಹಿಡಿಸುವುದಿಲ್ಲ. 'ಹುಟ್ಟಿ ನರಳೋದಕ್ಕಿಂತ ಹುಟ್ಟದೇ ಇರೋದು ಅವಕ್ಕೇ ಒಳ್ಳೇದು' ಅಂದಳು ಗೆಳತಿ. ಯಾರಿಗೆ ಒಳ್ಳೆಯದು? ಹುಟ್ಟದ ಮರಿಗೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ಅದು ಇಲ್ಲವೇ ಇಲ್ಲ. ಈ ವಾಕ್ಯವನ್ನು ಸ್ವಲ್ಪ ಎಳೆದರೆ ಗೊಜ್ಜು ಕೂಡ ಹುಟ್ಟಬಾರದಿತ್ತು ಅಂತ ಆಗುತ್ತೆ, ಅದೀಗ ನನ್ನ ಲ್ಯಾಪ್‌ಟಾಪಿನ ಬಿಸಿ ಕಡೆ ಮೈ ಚಾಚಿ ಮಲಗಿದೆ. ನಾನು ಇರುವ ಜೀವದ ಪರವಾಗಿ ಹೂಂ ಅಂದೆ: ಎರಡು ತಿಂಗಳಲ್ಲಿ ಮೂರು ಮರಿ ಕಳೆದುಕೊಂಡು, ಎದೆಗೂಡು ಕಾಣುತ್ತಿದ್ದ ಆ ತಾಯಿಯ ಪರವಾಗಿ. ಅದರ ಮೂರರಲ್ಲಿ ಒಂದನ್ನು ತೆಗೆದುಕೊಂಡವಳು ನಾನೇ ಅನ್ನೋದೂ ಲೆಕ್ಕದಲ್ಲಿರಲಿ.

ಆಮೇಲೆ ಜನ್ನ ನೆನಪಾದ. ಪಿಯುಸಿಯಲ್ಲಿ ಕೇಳಿದ್ದ ಯಶೋಧರ ಚರಿತೆಯ ಕಥೆ, 13ನೇ ಶತಮಾನದ್ದು. ತಾಯಿಯ ಒತ್ತಾಯಕ್ಕೆ ಯಶೋಧರ ನಿಜವಾದ ಕೋಳಿ ಬೇಡ ಅಂತ ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಡುತ್ತಾನೆ. ರಕ್ತ ಹರಿಯಲಿಲ್ಲ, ಆದರೂ ತಾಯಿ ಮಗ ಇಬ್ಬರೂ ನಾಯಿ, ನವಿಲು ಅಂತ ಜನ್ಮಜನ್ಮಾಂತರ ಅಲೆಯುತ್ತಾರೆ. ಕೊಂದದ್ದು ಹಿಟ್ಟನ್ನಾದರೂ ಸಂಕಲ್ಪ ಕೊಲ್ಲುವುದೇ ಆಗಿತ್ತಲ್ಲ. ಆಗ ಕ್ಲಾಸಿನಲ್ಲಿ ಇದು ಅನ್ಯಾಯ ಸಾರ್ ಅಂತ ನಾವು ಗಲಾಟೆ ಮಾಡಿದ್ದೆವು. ನನ್ನದು ಅದರ ತಿರುಗುಮುರುಗು. ಸಂಕಲ್ಪ ಉಳಿಸುವುದು, ಟ್ರೇನಲ್ಲಿ ಬಿದ್ದದ್ದು ಹಿಟ್ಟಲ್ಲ. ಸಂಕಲ್ಪವೇ ಎಲ್ಲ ಅನ್ನುವ ತಕ್ಕಡಿಯಲ್ಲಿ ನಾನು ಪಾರಾಗುತ್ತೇನೆ. ಆದರೆ ಆ ತಕ್ಕಡಿ ಮನುಷ್ಯರ ಪಾಪಪುಣ್ಯ ತೂಗಲು ಮಾಡಿದ್ದು. ಬೆಕ್ಕಿಗೆ ನನ್ನ ಸಂಕಲ್ಪ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೋನು, ಕತ್ತಲೆ, ಹೊಟ್ಟೆಯಲ್ಲೊಂದು ಉರಿ. ಪ್ರಾಣಿಗಳ ಜೊತೆ ನಮ್ಮ ಒಳ್ಳೆಯತನದ ಪಾಡು ಇಷ್ಟೇ: ಉದ್ದೇಶ ಪೂರ್ತಿ ನಮ್ಮ ಕಡೆ, ನೋವು ಪೂರ್ತಿ ಅವುಗಳ ಕಡೆ, ನಡುವೆ ವಿವರಿಸಲು ಒಂದು ಭಾಷೆಯೂ ಇಲ್ಲ. ಮಗುವಿಗಾದರೆ ಸೂಜಿ ಹಾಕಿಸಿ ಚಾಕಲೇಟು ಕೊಟ್ಟು ದೊಡ್ಡವನಾದ ಮೇಲೆ ಹೇಳಬಹುದು. ಗೊಜ್ಜು ಪ್ರತಿ ಸಲ ಲಸಿಕೆ ಹಾಕಿಸಿಕೊಂಡು ಬಂದು, ಒಂದು ಗಂಟೆ ಮಂಚದ ಕೆಳಗೆ ಕೂತು, ಆಮೇಲೆ ಬಂದು ನನ್ನ ಮೊಣಕಾಲಿಗೆ ತಲೆ ಉಜ್ಜುತ್ತೆ. ಅದನ್ನು ಕ್ಷಮೆ ಅಂತ ಕರೆಯುವ ಆಸೆ ಆಗುತ್ತೆ. ತಪ್ಪು ಹೊರಿಸುವುದೇ ಗೊತ್ತಿಲ್ಲದ ಪ್ರಾಣಿ ಕ್ಷಮಿಸುವುದಾದರೂ ಹೇಗೆ?

ತಾಯಿ ಬೆಕ್ಕನ್ನು ಮೂರು ದಿನ ಗೂಡಿನಲ್ಲಿಟ್ಟುಕೊಂಡು ಅದೇ ಬೇಸ್‌ಮೆಂಟಿಗೆ ಬಿಟ್ಟೆವು. ಆಪರೇಷನ್ ಆದ ಗುರುತಿಗೆ ಎಡಗಿವಿಯ ತುದಿ ಕತ್ತರಿಸಿದ್ದಾರೆ. ಈಗ ಮೈ ತುಂಬಿಕೊಂಡಿದೆ. ನನ್ನನ್ನು ಕಂಡರೆ ಮಾತ್ರ ಮೊದಲಿಗಿಂತ ದೂರ ನಿಲ್ಲುತ್ತೆ, ನಾನು ತಟ್ಟೆ ಇಟ್ಟು ಮೆಟ್ಟಿಲ ಹತ್ತಿರ ಹೋಗೋವರೆಗೂ ಬರಲ್ಲ.

ಗೊಜ್ಜುಗೆ ಇನ್ನು ಹದಿನೈದು ದಿನಕ್ಕೆ ಐದು ತಿಂಗಳು. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮುಂದೆ ಸ್ತನದ ಕ್ಯಾನ್ಸರಿನ ಅಪಾಯ ತುಂಬಾ ಕಡಿಮೆಯಾಗುತ್ತೆ ಅಂತ ಡಾಕ್ಟರು ದಿನಾಂಕ ಕೊಟ್ಟಿದ್ದಾರೆ. ಅಮ್ಮ ಅಷ್ಟರಲ್ಲಿ ಬರ್ತೀನಿ ಅಂದಿದ್ದಾಳೆ. "ಒಂದೇ ಒಂದು ಸಲ ಮರಿ ಹಾಕ್ಲಿ ಕಣೇ, ಹೆಣ್ಣು ಜೀವ, ಆಮೇಲೆ ಏನಾದ್ರೂ ಮಾಡಿಸ್ಕೋ" ಅನ್ನೋದು ಅವಳ ವಾದ. ಒಂದು ಸಲ ಹೆತ್ತರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಕ್ಕೆ ಆಧಾರ ಇಲ್ಲ ಅಂದೆ. "ಆರೋಗ್ಯದ ಮಾತು ಯಾರು ಆಡಿದ್ರು?" ಅಂದಳು. ನಾನು ದಿನಾಂಕ ಎರಡು ದಿನ ಮುಂದೆ ಹಾಕಿಸಿದ್ದೇನೆ, ಅವಳು ಬಂದ ಮೇಲೆ ಎದುರಿಗೆ ಕೂತು ಜಗಳ ಆಡುವುದಕ್ಕೆ. ಫಾರಂ ಆಗಲೇ ಮೇಲ್‌ನಲ್ಲಿ ಬಂದಿದೆ.